ಆಂಪ್ಲಿಫೈಯರಿಗೆ ದಾನಿಗಳಿಲ್ಲ

ಖಾಲಿ ಸಭಾಭವನದ ನಡುವೆ ನಿಂತು ನವ್ಯಶ್ರೀ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಸದ್ದು ವೇದಿಕೆಯ ಗೋಡೆಗೆ ಬಡಿದು, ತಗಡಿನ ಮಾಡಿಗೆ ಏರಿ, ಸಾಲು ಗಾಜಿನ ಕಿಟಕಿಗಳಲ್ಲಿ ಉರುಳಾಡಿ, ಮೂರು ಚೂರಾಗಿ ವಾಪಸು ಬಂತು. ಹಿಂದಿನ ಬಾಗಿಲಿನ ತನಕ ನಡೆದು ಇನ್ನೊಮ್ಮೆ ತಟ್ಟಿದಳು. ಅಲ್ಲಿ ಚೂರುಗಳನ್ನು ಎಣಿಸಲಿಕ್ಕೂ ಆಗಲಿಲ್ಲ. ಎಲ್ಲ ಕಲಸಿಹೋಗಿತ್ತು.

“ಎಂತ ಮಾರಾಯ್ತಿ, ಉದ್ಘಾಟನೆಯೇ ಆಗಲಿಲ್ಲ, ನಿನ್ನದು ಈಗಲೇ ಚಪ್ಪಾಳೆಯಾ?” ಬಾಗಿಲಲ್ಲಿ ನಿಂತಿದ್ದ ಸುಂದರ ನಕ್ಕ.

ಸುಂದರನದು ಕಾಪುವಿನಲ್ಲಿ ಮೈಕ್, ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ನವ್ಯಶ್ರೀ ಅವನಲ್ಲಿ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ವಯರು ಎಳೆಯುವುದು, ವಯರು ಸುತ್ತುವುದು, ಮೈಕಿನ ಸ್ಟ್ಯಾಂಡ್ ಹೊರುವುದು ಅವಳ ಕೆಲಸ. ಮಾತು ಕಡಿಮೆ, ನೋಡುವುದು ಹೆಚ್ಚು. ಮಣಿಪಾಲದ ಕಾಲೇಜೊಂದರ ದೊಡ್ಡ ಹಾಲ್‌ನಲ್ಲಿ ಸ್ಪೀಕರುಗಳನ್ನು ಗೋಡೆಯುದ್ದಕ್ಕೂ ಯಾಕೆ ತೂಗುಹಾಕಿದ್ದಾರೆ, ಕಾರ್ಕಳದ ಮದುವೆ ಛತ್ರದಲ್ಲಿ ಎರಡೇ ಸ್ಪೀಕರ್ ಬಾಕ್ಸನ್ನು ಜನರ ತಲೆಯ ಮೇಲಕ್ಕೆ ಎತ್ತಿ ಇಟ್ಟರೆ ಕೊನೆಯ ಪಂಕ್ತಿಯವರಿಗೂ ಹಾಡು ಹೇಗೆ ಮುಟ್ಟುತ್ತದೆ ಎಂಬುದನ್ನೆಲ್ಲ ಅವಳು ಯಾರನ್ನೂ ಕೇಳದೆ, ಮೂಲೆಯಲ್ಲಿ ಕೂತು ನೋಡಿ ನೋಡಿಯೇ ತಿಳಿದುಕೊಂಡಿದ್ದಳು.

ಈ ಸಭಾಭವನ ಕಡಲ ಬದಿಯ ಭಜನಾ ಮಂದಿರದ್ದು. ಬರುವ ಭಾನುವಾರ ಉದ್ಘಾಟನೆ, ಮಧ್ಯಾಹ್ನದ ಮೇಲೆ ಹುಡುಗಿಯರ ನೃತ್ಯ ಸ್ಪರ್ಧೆ. ಅಷ್ಟರೊಳಗೆ ಆಂಪ್ಲಿಫೈಯರ್, ಸ್ಪೀಕರ್ ಕೊಡಿಸಿ ಕೂರಿಸುವ ಕೆಲಸ ಸುಂದರನಿಗೆ ಬಂದಿತ್ತು. ನವ್ಯಶ್ರೀಗೆ ಅದರ ಚಿಂತೆ ಹತ್ತಿಕೊಳ್ಳಲು ಬೇರೆ ಕಾರಣವಿತ್ತು. ಅವಳ ತಾಯಿ ವಾರಿಜಾ ಮೀನು ಮಾರುವವಳು. ಮಾರ್ಕೆಟಿನ ಹೆಂಗಸರು ಯಾವ ಕಾರ್ಯಕ್ರಮಕ್ಕೂ ಬುಟ್ಟಿ ಖಾಲಿ ಮಾಡಿ ನೇರ ಬರುವವರು. ಬೇರೆಯವರು ಮೂಗಿಗೆ ಸೆರಗು ಹಿಡಿಯುವ ಮೊದಲೇ ತಾವಾಗಿ ಕೊನೆಯ ಸಾಲಿಗೆ ಹೋಗಿ ಕೂರುವವರು. ಹಳೆಯ ಮಂದಿರದಲ್ಲಿ ಅಲ್ಲಿಗೆ ಏನೂ ಕೇಳುತ್ತಿರಲಿಲ್ಲ. ಮುಂದಿನವರು ನಕ್ಕರೆ ಇವರೂ ನಗುತ್ತಿದ್ದರು.

“ಸ್ಪೀಕರಿಗೆ ನಾವು ಯಾಕೆ ಕೊಡ್ಬೇಕು? ನಮಗೆ ಹೇಗೂ ಕೇಳುವುದಿಲ್ಲ” ಎಂದು ಮಾರ್ಕೆಟಿನಲ್ಲಿ ಮಾತು ಬಂದ ದಿನ ನವ್ಯಶ್ರೀ ಅಮ್ಮನಿಗೆ ಊಟ ಕೊಡಲು ಹೋಗಿದ್ದಳು. ಅಪರೂಪಕ್ಕೆ ಬಾಯಿ ತೆರೆದಳು. “ಈ ಸಲ ಕೇಳ್ತದೆ. ನಾನಿದ್ದೇನಲ್ಲ.”

ಅಷ್ಟೇ ಮಾತಿನ ಮೇಲೆ ಇಪ್ಪತ್ತು ಹೆಂಗಸರು ಸೊಂಟದ ಚೀಲ ಬಿಚ್ಚಿ ಒಂದು ಬಾಕ್ಸಿಗೆ ಆಗುವಷ್ಟು ಒಟ್ಟು ಮಾಡಿಕೊಟ್ಟಿದ್ದರು. ಅಂದಿನಿಂದ ಅವಳಿಗೆ ಆ ಮಾತು ಗಂಟಲಿನ ಮುಳ್ಳಾಗಿತ್ತು.

ಬುಧವಾರ ಸುಂದರನ ಓಮ್ನಿ ವ್ಯಾನಿನಲ್ಲಿ ಬನ್ನಂಜೆಯ ಸ್ಪೀಕರ್ ಅಂಗಡಿಗೆ ಹೊರಟರು. ಮುಂದಿನ ಸೀಟಿನಲ್ಲಿ ಮಂದಿರದ ಅಧ್ಯಕ್ಷ ಅಂಗಾರ. ಮೊದಲು ಎರಡು ಬೋಟಿನ ಯಜಮಾನ, ಈಗ ಬೋಟು ಮಕ್ಕಳಿಗೆ, ಯಜಮಾನಿಕೆ ಮಂದಿರಕ್ಕೆ. ಹಿಂದೆ, ವಯರಿನ ಸುರುಳಿಗಳ ನಡುವೆ ನವ್ಯಶ್ರೀ. ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ಅವಳು ಹಾಲ್‌ನ ಚಿತ್ರ ಬರೆದು ಬೆಳಿಗ್ಗೆಯೇ ಸುಂದರನಿಗೆ ಕೊಟ್ಟಿದ್ದಳು. ದೊಡ್ಡ ಬಾಕ್ಸ್ ನಾಲ್ಕು ಸಾಕು. ಎರಡು ವೇದಿಕೆಯ ಆಚೀಚೆ, ಎತ್ತರಕ್ಕೆ. ಎರಡು ಹಾಲ್‌ನ ನಡುವಿನ ಕಂಬಗಳಿಗೆ, ಹಿಂದಿನ ಸಾಲಿನತ್ತ ಮುಖ ಮಾಡಿ. ಎಲ್ಲಕ್ಕೂ ಸೇರಿ ಒಂದು ದಮ್ಮಿರುವ ಆಂಪ್ಲಿಫೈಯರ್. ಸುಂದರ ನೋಡಿ, “ಸರಿ ಉಂಟು” ಎಂದು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡಿದ್ದ. ಬನ್ನಂಜೆ ತಲುಪಿದರೂ ಅದು ಕಿಸೆಯಲ್ಲೇ ಇತ್ತು.

ಅಂಗಡಿಯ ರೊಸಾರಿಯೊ ಬಾಕ್ಸುಗಳನ್ನು ತೋರಿಸತೊಡಗಿದ. ಅಂಗಾರ ಪ್ರತಿಯೊಂದನ್ನೂ ಬೆರಳಿನಿಂದ ಕುಟ್ಟಿ ಕೇಳುತ್ತಿದ್ದ. “ಇದು ಎಷ್ಟು ವಾಟ್ಸ್?”

“ವಾಟ್ಸ್ ಒಂದೇ ನೋಡಿ ಸ್ಪೀಕರ್ ತೆಗೆಯುವುದು ಅಂದ್ರೆ, ಅಂಗಾರಣ್ಣ, ಬಲೆಯ ಬಣ್ಣ ನೋಡಿ ಮೀನು ಲೆಕ್ಕ ಹಾಕಿದ ಹಾಗೆ. ಹಾಲ್ ಎಷ್ಟು ಉದ್ದ ಉಂಟು?”

“ದೊಡ್ಡದುಂಟು.”

“ತೊಂಬತ್ತಡಿ” ಎಂದಳು ನವ್ಯಶ್ರೀ. ಪಕ್ಕದಲ್ಲಿದ್ದ ರಟ್ಟಿನ ಪೆಟ್ಟಿಗೆಗೆ ಮಾತ್ರ ಕೇಳಿತು.

ರೊಸಾರಿಯೊ ಒಳಗಿನ ಕೋಣೆಯಲ್ಲಿ ಎರಡು ಮಧ್ಯಮ ಗಾತ್ರದ ಬಾಕ್ಸಿಗೆ ಹಾಡು ಹಾಕಿದ. ನೆಲಕ್ಕೆ ಕಾರ್ಪೆಟ್, ಗೋಡೆಗೆ ಸ್ಪಂಜು ಇದ್ದ ಚಿಕ್ಕ ಕೋಣೆ. ಅಂಗಾರನ ಕನ್ನಡಕ ನಡುಗಿತು. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ಕಣ್ಣರಳಿಸಿದ. “ಇದೇ! ಇದೇ ಕೊಡಿ, ಎಂಟು!”

“ಎಂಟು ಯಾಕೆ?”

“ದಾನಿಗಳು ನಾನೂ ಮಾರ್ಕೆಟಿನವರೂ ಸೇರಿ ಎಂಟಲ್ವಾ! ಒಬ್ಬೊಬ್ಬರಿಗೆ ಒಂದೊಂದು ಬಾಕ್ಸ್. ಜಾಲಿಯ ಕೆಳಗೆ ಹೆಸರು ಬರೆಸುವುದು.”

ಮಂದಿರದಲ್ಲಿ ಫ್ಯಾನಿನ ರೆಕ್ಕೆಗೂ ಕುರ್ಚಿಯ ಬೆನ್ನಿಗೂ ಕೊಟ್ಟವರ ಹೆಸರಿತ್ತು. ಟ್ಯೂಬ್‌ಲೈಟಿನ ಮೇಲೆ ಬರೆದ ಹೆಸರುಗಳಿಂದ ಬೆಳಕು ಅರ್ಧಕ್ಕೆ ಇಳಿದಿತ್ತು.

“ದೊಡ್ಡದು ನಾಲ್ಕು ತಕೊಳ್ಳಿ. ಒಂದಕ್ಕೆ ಎರಡೆರಡು ಹೆಸರು ಬರೆಸಿದರಾಯ್ತು” ಎಂದ ರೊಸಾರಿಯೊ.

“ಅರ್ಧ ಬಾಕ್ಸಿನ ದಾನಿ ಅಂತ ಮೈಕಿನಲ್ಲಿ ಯಾರನ್ನು ಕರೆಯಲಿ? ಹೋದ ಸಲ ಒಂದು ಗಡಿಯಾರಕ್ಕೆ ಎರಡು ಹೆಸರು ಬರೆಸಿದ್ದು. ಯಾರದ್ದು ಮೇಲೆ, ಯಾರದ್ದು ಕೆಳಗೆ ಅಂತ ಗಲಾಟೆಯಾಗಿ ಇಬ್ಬರೂ ಒಂದು ವರ್ಷ ಮಂದಿರಕ್ಕೆ ಕಾಲಿಡಲಿಲ್ಲ ಮಾರಾಯ್ರೆ.”

“ಮತ್ತೆ ಆಂಪ್ಲಿಫೈಯರಿಗೆ ಯಾರು ದಾನಿ?”

“ಯಾರೂ ಇಲ್ಲ. ಅದು ವೇದಿಕೆಯ ಹಿಂದಿನ ಕೋಣೆಯಲ್ಲಿ ಇರುವಂಥದ್ದು. ಅಲ್ಲಿ ಹೆಸರು ಬರೆಸಿದರೆ ಓದುವುದು ಯಾರು, ಜಿರಳೆಯಾ? ಉಳಿದ ದುಡ್ಡಿಗೆ ಯಾವುದು ಬರ್ತದೋ ಅದು ಕೊಡಿ.”

ಉಳಿದ ದುಡ್ಡಿಗೆ ಬಂದ ಆಂಪ್ಲಿಫೈಯರನ್ನು ನವ್ಯಶ್ರೀ ತಿರುಗಿಸಿ ನೋಡಿದಳು. ಒಂದು ಬದಿಗೆ ಎರಡು ಬಾಕ್ಸ್, ಇನ್ನೊಂದು ಬದಿಗೆ ಎರಡು. ಅದಕ್ಕಿಂತ ಹೆಚ್ಚು ಹಾಕಬಾರದು ಎಂದು ಬೆನ್ನಿನ ಮೇಲೆಯೇ ಚಿತ್ರ ಸಮೇತ ಅಚ್ಚಾಗಿತ್ತು. ದೋಣಿಯ ಪುಟ್ಟ ಇಂಜಿನಿಗೆ ನಾಲ್ಕು ಬೋಟು ಕಟ್ಟಿ ಎಳೆ ಎಂದರೆ ಎಳೆಯುತ್ತದೆಯೇ? ಅಳಿವೆ ದಾಟುವ ಮೊದಲೇ ಬಿಸಿಯಾಗಿ ನಿಲ್ಲುತ್ತದೆ. ಅವಳು ಸುಂದರನ ತೋಳು ಎಳೆದು ಆ ಚಿತ್ರದ ಮೇಲೆ ಬೆರಳಿಟ್ಟಳು.

“ಗಿರಾಕಿಯ ಎದುರು ಬೇಡ” ಎಂದ ಸುಂದರ, ತುಟಿ ಅಲುಗಿಸದೆ.

ಅಂಗಾರನನ್ನು ಮನೆಗೆ ಬಿಟ್ಟ ಮೇಲೆ ಅವನೇ ಮಾತು ತೆಗೆದ. “ನನಗೂ ಗೊತ್ತುಂಟು ನವ್ಯಾ. ಅವರು ಹೇಳಿದ್ದು ಮಾಡದಿದ್ದರೆ ನಾಳೆ ಪಡುಬಿದ್ರಿಯ ಮೈಕಿನವನನ್ನು ಕರೀತಾರೆ. ಆಮೇಲೆ ನೀನೂ ನಾನೂ ವಯರು ಹಿಡಿದುಕೊಂಡು ಹಗ್ಗಜಗ್ಗಾಟ ಆಡುವುದಾ?”

ಅವಳು ಕಿಟಕಿಯ ಹೊರಗೆ ನೋಡಿದಳು. ಗೊತ್ತಿಲ್ಲದವನ ಮೇಲೆ ಬರುವ ಸಿಟ್ಟಿಗಿಂತ ಗೊತ್ತಿದ್ದೂ ಸುಮ್ಮನಿರುವವನ ಮೇಲೆ ಬರುವ ಸಿಟ್ಟು ದೊಡ್ಡದು. ಅದಕ್ಕಿಂತಲೂ ದೊಡ್ಡದು ತನ್ನ ಮೇಲೆಯೇ ಬಂದದ್ದು. ತೊಂಬತ್ತಡಿ ಎಂಬ ಒಂದು ಮಾತನ್ನು ಗಟ್ಟಿಯಾಗಿ ಹೇಳಲಿಕ್ಕೆ ತನಗೆ ಎಂತ ರೋಗ?

ಶನಿವಾರ ಎಂಟು ಬಾಕ್ಸುಗಳು ವೇದಿಕೆಯ ಅಂಚಿಗೆ, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಂತೆ ಸಾಲಾಗಿ ನಿಂತವು. ಒಂದೊಂದರ ಕೆಳಗೂ ಬಿಳಿ ಅಕ್ಷರ. ನವ್ಯಶ್ರೀ ಒಂದನ್ನು ಮೇಜಿನ ಮೇಲೆ ಎತ್ತಿಟ್ಟು ನೋಡಿದಳು.

“ಕೆಳಗಿಡು, ಕೆಳಗಿಡು” ಎಂದ ಅಂಗಾರ. “ಹೆಸರು ಓದಲಿಕ್ಕೆ ಜನ ಕತ್ತು ಎತ್ತಬೇಕಾ?”

ಖಾಲಿ ಹಾಲ್‌ನಲ್ಲಿ ಒಂದು ಹಾಡು ಹಾಕಿದರು. ತಗಡಿನ ಮಾಡು ಗಡಗಡ ಎಂದಿತು. ಅಂಗಾರ ಕೈ ಎತ್ತಿ, “ಕಲ್ಯಾಣಪುರಕ್ಕೂ ಕೇಳ್ತದೆ!” ಎಂದ. ನಾಳೆ ಐನೂರು ಜನ ಬಂದು ಕೂತರೆ ಮುಂದಿನ ಸಾಲಿನ ಹೊಟ್ಟೆಗಳೇ ಅರ್ಧ ಶಬ್ದ ನುಂಗುತ್ತವೆ ಎಂದು ಅವಳು ಹೇಳಬೇಕೆಂದುಕೊಂಡಳು. ಅಂಗಾರ ಆಗಲೇ ಹೊರಗೆ ಹೋಗಿದ್ದ.

ಭಾನುವಾರ ಹಾಗೆಯೇ ಆಯಿತು. ಸ್ವಾಗತ ಭಾಷಣಕ್ಕೆ ಮುಂದಿನ ಸಾಲಿನ ಮುದುಕರು ಕಿವಿ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಹೆಂಗಸರು ಕಿವಿಗೆ ಅಂಗೈ ಆನಿಸಿಕೊಂಡರು. ವೇದಿಕೆಯ ಪರದೆಯ ಸಂದಿನಿಂದ ನವ್ಯಶ್ರೀಗೆ ಅಮ್ಮ ಕಾಣುತ್ತಿದ್ದಳು. ಮುಂದೆ ಯಾರೋ ನಕ್ಕರು. ಸ್ವಲ್ಪ ತಡವಾಗಿ ಅಮ್ಮನೂ ನಕ್ಕಳು.

ಮೂರನೆಯ ತಂಡದ ಹುಡುಗಿಯರು ಕೈ ಮೇಲೆತ್ತಿ ತಿರುಗುತ್ತಿದ್ದ ಹಾಗೆ ಹಾಡು ಕಡಿಯಿತು. ನಾಲ್ಕು ಹೆಜ್ಜೆ ಬರೀ ಗೆಜ್ಜೆಯ ಸದ್ದು. ಆಮೇಲೆ ಅದೂ ನಿಂತಿತು. ಸುಂದರ ಸ್ವಿಚ್ ಆರಿಸಿ ಹಾಕಿದ. ಎರಡು ನಿಮಿಷ ಬಂತು, ಮತ್ತೆ ಹೋಯಿತು. ಆಂಪ್ಲಿಫೈಯರು ದೋಸೆಯ ಕಾವಲಿಯ ಹಾಗೆ ಕಾದಿತ್ತು.

ಅಂಗಾರ ಕೋಣೆಗೆ ನುಗ್ಗಿದ. “ಎಂಟು ಬಾಕ್ಸ್ ಉಂಟು, ಒಂದೂ ಬಾಯಿ ಬಿಡುವುದಿಲ್ಲ! ಎಂತ ಸುಂದರ ಇದು, ಊರವರ ಎದುರು ನನ್ನ ಮರ್ಯಾದೆ ತೆಗೀಲಿಕ್ಕಾ?”

“ನವ್ಯಾ, ವಯರು ಸರಿ ಕೊಟ್ಟಿದ್ದಿಯಾ?” ಸುಂದರ ಅವಳ ಮೇಲೆ ಹರಿಹಾಯ್ದ.

ಐದು ವರ್ಷದಲ್ಲಿ ಅವಳು ಕೊಟ್ಟ ವಯರು ಒಮ್ಮೆಯೂ ತಪ್ಪಿರಲಿಲ್ಲ. ಕಣ್ಣಿಗೆ ನೀರು ಬಂತು, ಬಂದದ್ದು ಸಿಟ್ಟಿನಿಂದ. “ನಾಲ್ಕು ಬಾಕ್ಸ್ ತೆಗೀಬೇಕು” ಎಂದಳು. ಸ್ವರ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು.

“ಯಾರದ್ದು?” ಎಂದ ಅಂಗಾರ. ಕೇಳಿದವನಿಗೇ ಆ ಪ್ರಶ್ನೆಯಿಂದ ಹೆದರಿಕೆಯಾಯಿತು.

“ಬಾಕ್ಸ್ ಅಲ್ಲೇ ಇರಲಿ ಮಾಮ, ಹೆಸರೂ ಇರಲಿ. ಒಳಗಿನಿಂದ ವಯರು ಮಾತ್ರ ತೆಗೆಯುವುದು.”

ಅಂಗಾರ ಪರದೆಯಾಚೆಗೊಮ್ಮೆ ಇಣುಕಿ, ತಗ್ಗಿದ ಸ್ವರದಲ್ಲಿ ಹೇಳಿದ. “ಬೇಗ ತೆಗಿ. ಯಾರದ್ದು ಅಂತ ನನಗೂ ಹೇಳ್ಬೇಡ.”

“ನಮ್ಮ ಅಮ್ಮ, ಮಾರ್ಕೆಟಿನವರು ಕೊಟ್ಟ ಬಾಕ್ಸ್ ಮಾತ್ರ ನಡುವಿನ ಕಂಬಕ್ಕೆ ತಕೊಂಡು ಹೋಗ್ತೇನೆ.”

“ಅಯ್ಯೋ, ಮಾರ್ಕೆಟಿನವರು ನನ್ನನ್ನು ಬಿಡ್ತಾರಾ? ಹೆಸರು ಹಿಂದೆ ಹಾಕಿದ ಅಂತ—”

ನವ್ಯಶ್ರೀ ಆಗಲೇ ಹಾಲ್‌ನ ಬದಿಯಿಂದ ಓಡಿಯಾಗಿತ್ತು. ಹಿಂದಿನ ಸಾಲಿನಲ್ಲಿ ಬಗ್ಗಿ ಕೇಳಿದಳು. ವಾರಿಜಾ ಅಕ್ಕಪಕ್ಕ ನೋಡಿ ಎದ್ದೇ ನಿಂತಳು. “ನಾವು ಇಲ್ಲಿ ಕೂತು, ನಮ್ಮ ಹೆಸರೊಂದು ಮುಂದೆ ಹೋಗಿ ಕೂತು ಎಂತ ಮಾಡ್ಲಿಕ್ಕುಂಟು? ತನ್ನಿ ಅದನ್ನು ಇಲ್ಲಿಗೆ.” ಮೂವರು ಹೆಂಗಸರು ಬಂದರು. ಒಬ್ಬಳು ಸೆರಗನ್ನು ಸಿಂಬಿ ಸುತ್ತಿ, ಮೀನಿನ ಬುಟ್ಟಿಯ ಹಾಗೆ ಬಾಕ್ಸನ್ನು ತಲೆಗೇರಿಸಿಕೊಂಡು, ಐನೂರು ಜನರ ನಡುವೆ ಕತ್ತು ಅಲುಗದಂತೆ ನಡೆದಳು. ಬಲಗಡೆಯ ಕಂಬದ ಬಳಿ ಮೇಜಿನ ಮೇಲೆ ಮೇಜಿಟ್ಟು ಕೂರಿಸಿದರು. ನವ್ಯಶ್ರೀ ಉದ್ದದ ವಯರು ಎಳೆದಳು. ವೇದಿಕೆಯಲ್ಲಿ ಮೂರು, ಇಲ್ಲಿ ಒಂದು.

ಹಾಡು ಬಂತು. ಮತ್ತೆ ಕಡಿಯಲಿಲ್ಲ. ಹಿಂದಿನ ಸಾಲಿನ ಬಲಬದಿಯ ಹೆಂಗಸರು ನೆಟ್ಟಗೆ ಕೂತರು.

ಎಡಬದಿಗೆ ಮಾತ್ರ ಹಿಂದಿನದೇ ಕಲಸು ಶಬ್ದ. ಅಲ್ಲಿಗೂ ಒಂದು ಬಾಕ್ಸ್ ಬೇಕಿತ್ತು. ಆದರೆ ಹಿಂದೆ ಬರಲು ಒಪ್ಪುವ ಹೆಸರು ಇನ್ನೊಂದಿರಲಿಲ್ಲ. ಎಡಗಡೆಯ ಮುದುಕಿಯೊಬ್ಬಳು ಅವಳ ಕೈ ಹಿಡಿದು ಜಗ್ಗಿದಳು. “ಕೇಳ್ತದೆ ಅಂದಿದ್ದಿ, ಅಲ್ವಾ ಮಗಾ?” ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಮುದುಕಿ ನಗುತ್ತಲೇ ಕೇಳಿದ್ದಳು.

ಸಂಜೆ ಬಹುಮಾನ ಹಂಚುವಾಗ ಅಂಗಾರ ಮೈಕಿನಲ್ಲಿ, “ಎಂಟು ಮಂದಿ ದಾನಿಗಳ ದಯೆಯಿಂದ ಇವತ್ತು ಇಷ್ಟು ಚಂದದ ಧ್ವನಿ” ಎಂದ. ಪಟ್ಟಿಯಲ್ಲಿ ಎರಡನೆಯ ಹೆಸರಿನವರು ಕೋಣೆಗೇ ಬಂದು ಸುಂದರನ ಬೆನ್ನು ತಟ್ಟಿದರು. “ಬೇರೆಯವರದ್ದು ಹೇಗೋ ಗೊತ್ತಿಲ್ಲ. ನಮ್ಮ ಬಾಕ್ಸ್ ಮಾತ್ರ ಫಸ್ಟ್ ಕ್ಲಾಸ್!” ಅವರ ಬಾಕ್ಸಿನ ವಯರು ನವ್ಯಶ್ರೀಯ ಕೈಯಲ್ಲೇ ಇತ್ತು. ಅವಳು ಅದನ್ನು ಮೊಣಕೈಗೆ ಸುತ್ತುತ್ತಾ ಹೋದಳು.

ಸೋಮವಾರ ಬೆಳಿಗ್ಗೆ ಅಂಗಾರ ಸುಂದರನ ಅಂಗಡಿಗೆ ಬಂದ. ಮುಖದಲ್ಲಿ ಹೊಸ ಹುರುಪು. “ಚೆನ್ನಪ್ಪಣ್ಣ ನಿನ್ನೆ ಕಾರ್ಯಕ್ರಮ ನೋಡಿ ಖುಷಿಯಾಗಿ ತಾನೂ ಒಂದು ಕೊಡ್ತೇನೆ ಅಂದ್ರು. ಒಂಬತ್ತನೇ ಬಾಕ್ಸ್ ಎಲ್ಲಿ ಇಡುವುದು ಸುಂದರ? ವೇದಿಕೆಯಲ್ಲಿ ಜಾಗ ಇಲ್ಲ.”

ಸುಂದರ ತಲೆ ಕೆರೆದುಕೊಂಡ. ನವ್ಯಶ್ರೀ ಮೂಲೆಯಿಂದ ಎದ್ದು ಬಂದಳು.

“ಬಾಕ್ಸ್ ಬೇಡ ಮಾಮ. ದೊಡ್ಡ ಆಂಪ್ಲಿಫೈಯರ್ ಕೊಡ್ಲಿ.”

“ಅದು ಕೋಣೆಯೊಳಗೆ—”

“ಹೊರಗೆ ಇಡುವ. ವೇದಿಕೆಯ ಪಕ್ಕದಲ್ಲಿ ಕಪಾಟು ಮಾಡಿಸಿ, ಅದರ ಬಾಗಿಲಿಗೆ ಹೆಸರು.”

ಅಂಗಾರ ಹತ್ತಿರ ಬಂದ. “ಅಕ್ಷರ ಎಷ್ಟು ದೊಡ್ಡದು ಬರ್ತದೆ?”

ಅವಳು ಅಳತೆಪಟ್ಟಿ ಬಿಚ್ಚಿ ಗೋಡೆಗೆ ಹಿಡಿದು ತೋರಿಸಿದಳು. ಬಾಕ್ಸಿನ ಅಕ್ಷರದ ಮೂರು ಪಟ್ಟು. ಅಂಗಾರನ ತಲೆ ತಾನಾಗಿ ಆಡಿತು.

“ಮತ್ತೆ ಎಡಗಡೆಯ ಕಂಬಕ್ಕೆ ಒಂದು ಬಾಕ್ಸ್ ಬರ್ಬೇಕು” ಎಂದಳು.

“ಯಾರದ್ದು?”

“ನಿಮ್ಮದು.”

ಸುಂದರ ಕೆಮ್ಮಿದ. ಅಂಗಾರ ಬೀದಿಯ ಕಡೆ ನೋಡಿದ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. “ನೋಡುವ” ಎಂದ.

ಐದು ವರ್ಷದಲ್ಲಿ ಅವಳು ಇಂಥ ಎಷ್ಟೋ “ನೋಡುವ”ಗಳನ್ನು ಕೇಳಿದ್ದಳು. ಒಂದನ್ನೂ ಯಾರೂ ಆಮೇಲೆ ನೋಡಿದ್ದಿಲ್ಲ. ಅಂಗಾರ ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಅಳತೆಪಟ್ಟಿಯನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು.

“ಯಾವಾಗ ನೋಡುವುದು ಮಾಮ? ಈಗಲೇ ಮಂದಿರಕ್ಕೆ ಹೋಗುವಾ?”