ಜೀಪ್ನಿ ಒಪ್ಪಿಸಿದ ಬೆಳಗು

ಮಳೆ ಬೀಳುವಂತಾಗಿ ಬೀಳದೆ ನಿಂತ ಬೆಳಗು, ಪಾಸಿಗ್ ಹೊಳೆಯ ಮೇಲಿನ ಮೋಡ ಹೊಗೆಯನ್ನು ಮೇಲೇಳಗೊಡದೆ ತಲೆಮಟ್ಟಕ್ಕೇ ಒತ್ತಿ ಹಿಡಿದಿದೆ, ತೆಯೋಫಿಲೊನ ಗಂಟಲಲ್ಲಿ ಡೀಸೆಲ್ಲಿನ ರುಚಿ, ತನ್ನ ಗಾಡಿಯದೋ ಮುಂದಿನವನದೋ, ಸಹಕಾರ ಸಂಘದ ಎದುರಿನ ಈ ಸಾಲಿನಲ್ಲಿ ಯಾರ ಹೊಗೆ ಯಾರದೆಂದು ಕೇಳುವವರಾರು — ಜನ ಸಾಗಿಸುವ ಹಳೆಯ ಜೀಪ್ನಿ ಒಪ್ಪಿಸಿ ಸಹಿ ಹಾಕಿದರೆ ಹೊಗೆಯಿಲ್ಲದ ಹೊಸ ಗಾಡಿಗೆ ಸಂಬಳದ ಚಾಲಕ, ಹಾಕದಿದ್ದರೆ ನಾಳೆಯಿಂದ ರಸ್ತೆಗಿಳಿಯುವಂತಿಲ್ಲ, ಗಾಡಿ ಸಂಘದ್ದು, ಸಾಲ ಎಲ್ಲರದು, ನೀವು ಸ್ಟಿಯರಿಂಗ್ ಹಿಡಿದ್ರೆ ಸಾಕು ಮಾಂಗ್ ತೆಯೋ, ತೀರಿಸೋಕೆ ಮೊಮ್ಮಕ್ಕಳಿದಾರಲ್ಲ, ಸಂಘದ ಗುಮಾಸ್ತೆ ಹಿರಿಯನೆಂಬ ಮರ್ಯಾದೆಗೆ ಮಾಂಗ್ ಸೇರಿಸಿ ನಗುತ್ತಲೇ ಹೇಳಿದ್ದಳು — ಅಪ್ಪ ಬಿಟ್ಟುಹೋದ ಗಾಡಿ, ಎದುರುಬದುರು ಬೆಂಚು, ಹಿಂದೆ ಕೂತವರ ಕಾಸು ಕೈಯಿಂದ ಕೈಗೆ ದಾಟಿ ಅವನ ಬೆನ್ನ ಹಿಂದೆ ಬಂದು ನಿಲ್ಲುತ್ತಿತ್ತು, ನಡುವೆ ಯಾರ ಬೆರಳಿಗೂ ಅಂಟುತ್ತಿರಲಿಲ್ಲ, ಇನ್ನು ಬಾಗಿಲಲ್ಲಿ ಯಂತ್ರ, ಯಂತ್ರಕ್ಕೊಂದು ಕಾರ್ಡು — ಮನೆಯಲ್ಲಿ ಹೆಂಡತಿ ಲೂಮಿಂಗ್ ಕೆಮ್ಮುತ್ತಲೇ ಬಾಲಯೇಸುವಿನ ವಿಗ್ರಹದ ಕೆಂಪು ನಿಲುವಂಗಿ ಒಗೆಯುತ್ತಾಳೆ, ಬೋಗುಣಿಯ ನೀರೆಲ್ಲ ಮಸಿ, ನೋಡ್ರೀ, ಸ್ವಾಮೀನೂ ಇದನ್ನೇ ಉಸಿರಾಡ್ತಾನೆ, ನಿಮ್ಮ ಗಾಡಿ ಅನ್ನ ಹಾಕ್ತು, ನನ್ನ ಉಸಿರು ತಗೊಳ್ತು, ಅವಳ ದನಿಯಲ್ಲಿ ಸಿಟ್ಟಿಲ್ಲ, ಅದೇ ತಡೆಯಲಾಗದ್ದು — ಆದರೆ ಆಣೆ, ಮುಷ್ಕರದ ದಿನ ಇಗರ್ಜಿಯಲ್ಲಿ ಕಪ್ಪು ಮರದ ಯೇಸುವಿನ ಪಾದ ಮುಟ್ಟಿ ಇಬ್ಬರೂ ಸಹಿ ಹಾಕೆವು ಎಂದ ಆಣೆ, ಅವನೂ ಅಂಬ್ರೋಸಿಯೊನೂ, ಇವನ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತು ಅಂದಿನಿಂದ ಇವನಿಗೆ ಪಾರೆಯಾದ ಅಂಬ್ರೋಸಿಯೊ, ಮುಷ್ಕರದ ಮುಂದಾಳು, ಸಹಿ ಹಾಕಿದೋನು ನನ್ನ ಪಾಲಿಗೆ ಸತ್ತ, ಪಾರೆ, ನಿನ್ನ ಹೆಣ ಕಾಯೋ ರಾತ್ರಿ ಎಲ್ಲರಿಗೂ ಕೊಡೋ ಕಾಫೀನೂ ಕುಡಿಯೋಲ್ಲ, ಎಂದಿದ್ದ, ಎಲ್ಲ ಚಾಲಕರೂ ನಕ್ಕಿದ್ದರು, ತೆಯೋಫಿಲೊ ಎಲ್ಲರಿಗಿಂತ ಜೋರಾಗಿ — ಸ್ವಾಮೀ, ನಿನ್ನ ಪಾದ ಮುಟ್ಟಿದ ಕೈ ಇದು, ಇದರಲ್ಲೇ ಹೇಗೆ ಬರೆಯಲಿ, ಬರೆಯದೆ ಅವಳಿಗೆ ಔಷಧಿ ಎಲ್ಲಿಂದ ತರಲಿ, ಅಂಬ್ರೋಸಿಯೊನ ಮುಖ ಹೇಗೆ ನೋಡಲಿ — ಸಾಲು ಒಂದು ಗಾಡಿಯಷ್ಟು ಸರಿಯುತ್ತದೆ, ಹಿತ್ತಲಲ್ಲಿ ಯಾರದೋ ಜೀಪ್ನಿ ಕೊಯ್ಯುವ ಸದ್ದು, ಕಚೇರಿಯಿಂದ ಒಬ್ಬ ಹೊರಬರುತ್ತಾನೆ, ಹೆಬ್ಬೆರಳಿಗೆ ನೀಲಿ ಶಾಯಿ, ಎಡಗಾಲು ಎಳೆಯುವ ಆ ನಡಿಗೆ ಗೊತ್ತು, ಅಂಬ್ರೋಸಿಯೊ. ಓಡಿಹೋಗಲು ಅವನಿಗೂ ದಾರಿಯಿಲ್ಲ, ಇವನಿಗೂ ಇಲ್ಲ. ನಿಂದಿನ್ನೂ ಆಗಿಲ್ವಾ ಪಾರೆ, ಅಂಬ್ರೋಸಿಯೊ ಕೇಳುತ್ತಾನೆ. ಇಲ್ಲ. ನಂದಾಯ್ತು. ಹೂಂ, ಕೊಯ್ಯೋ ಸದ್ದು ಕೇಳಿಸ್ತು. ಅಂಬ್ರೋಸಿಯೊ ಹೆಗಲ ಚೀಲದಲ್ಲಿ ತಡಕಾಡುತ್ತಾನೆ, ತನ್ನ ಗಾಡಿ ಬರಿದು ಮಾಡಿ ತಂದ ಚೀಲ, ದೊಡ್ಡ ಪಾನಾ ಒಂದನ್ನು ಹೊರತೆಗೆದು ಕಿಟಕಿಯೊಳಗೆ ಚಾಚುತ್ತಾನೆ, ಯಾವಾಗಲೋ ಎಂಜಿನ್ ಬಿಚ್ಚಲು ಇವನಿಂದಲೇ ಎರವಲು ಒಯ್ದದ್ದು, ಕೇಳಿದಾಗಲೆಲ್ಲ ನಾಳೆ ಎಂದು ನಕ್ಕದ್ದು, ಈಗ ನಗುವುದಿಲ್ಲ, ತೆಯೋಫಿಲೊನ ಅಂಗೈಗಿಟ್ಟು ಬೆರಳು ಮಡಚಿ ಹೋಗುತ್ತಾನೆ — ಸೀಮೆಎಣ್ಣೆಯಲ್ಲಿ ತಿಕ್ಕಿ ಬೆಳಗಿದ ಪಾನಾ, ತಿರುಗಿಸಲು ಒಂದು ಬೋಲ್ಟೂ ಉಳಿಯದ ಪಾನಾ, ಅಂಗೈಯಲ್ಲಿ, ಪಾನಾ —