ಹಾಲುಬಿಳುಪಿನ ನೆಲ

ಸಭೆ ಹನ್ನೊಂದು ಗಂಟೆಗೆ ಎಂದು ಸಾರಿದ್ದರೂ ತೀರ್ಮಾನ ಆಗಲೇ ಬರೆದು ಸಿದ್ಧವಾಗಿತ್ತು. ಕದಿರಮ್ಮ ಸಮುದಾಯ ಭವನದೊಳಗೆ ಕಾಲಿಟ್ಟಾಗ ಸಮಿತಿಯ ಅಧ್ಯಕ್ಷ ಕೋದಂಡರಾಮಪ್ಪ ಅದನ್ನು ಓದುತ್ತಿದ್ದರು:

"ಅಡುಗೆ ಸಹಾಯಕಿ ಮುನಿಲಕ್ಷ್ಮಿಯ ಅಜಾಗರೂಕತೆಯಿಂದ ಅವಘಡ ಸಂಭವಿಸಿರುವುದರಿಂದ, ಸದರಿಯವರನ್ನು ಇನ್ನು ಮುಂದೆ ಅಡುಗೆ ಕೆಲಸಕ್ಕೆ ಕರೆಯತಕ್ಕದ್ದಲ್ಲ."

ಕದಿರಮ್ಮನ ಮೈಯೆಲ್ಲ ಉರಿದುಹೋಯಿತು. ಯಲ್ದೂರಿಗೆ ಮೂರು ಮೈಲಿ ದೂರದ ಈ ಊರಿನ ಮದುವೆ, ತಿಥಿ, ನಾಮಕರಣಗಳಿಗೆಲ್ಲ ಹದಿನೆಂಟು ವರ್ಷಗಳಿಂದ ಒಲೆ ಹಚ್ಚಿದವಳು ಅವಳು. ಇಪ್ಪತ್ತು ದಿನಗಳ ಹಿಂದೆ ಇದೇ ಭವನದ ಅಡುಗೆಮನೆಯಲ್ಲಿ ಮುನಿಲಕ್ಷ್ಮಿ ಸಾರಿನ ಪಾತ್ರೆಯೊಂದಿಗೆ ಜಾರಿಬಿದ್ದಾಗ ಎರಡೇ ಹೆಜ್ಜೆ ಆಚೆಗಿದ್ದವಳೂ ಅವಳೇ. ಮೊಣಕಾಲಿನಿಂದ ಪಾದದವರೆಗೆ ಬೆಂದ ಆ ಕಾಲನ್ನು ಅವಳು ಮರೆತಿರಲಿಲ್ಲ.

"ಅಜಾಗರೂಕತೆ ಅಂದ್ರೆ ಏನಣ್ಣ?" ಎಂದಳು.

"ನೋಡ್ಕೊಂಡು ನಡೀಲಿಲ್ಲ ಅಂತ ಕಣಮ್ಮ."

"ಕೈಯಲ್ಲಿ ಮೂವತ್ತು ಸೇರಿನ ಪಾತ್ರೆ ಹಿಡಿದೋಳು ನೆಲ ನೋಡ್ತಾಳಾ? ಎದುರುಗಡೆ ನೋಡ್ತಾಳೆ. ನೆಲ ನೀವು ನೋಡ್ಬೇಕಾಗಿತ್ತು. ಹಾಕಿಸೋಕೆ ಮುಂಚೆ."

ನೋಡಬೇಕೆಂದು ಅವಳು ಆಗಲೇ ಹೇಳಿದ್ದಳು. ಹಳೆಯ ಗಾರೆನೆಲ ಎದ್ದುಹೋದಾಗ ಅವಳು ಬೇಡಿದ್ದು ಟೇಕಲ್ ಕಡೆಯ ಕಲ್ಲುಚಪ್ಪಡಿಯನ್ನು. ಪಾದಕ್ಕೆ ಹಿಡಿತ ಸಿಗುವಂತೆ ಮೇಲೆ ಉಳಿಯೇಟು ಹಾಕಿದ್ದನ್ನು. ಸಮಿತಿ ಹೂಂ ಎಂದಿತ್ತು. ಅಷ್ಟರಲ್ಲಿ ಕೋಲಾರದ ಟೈಲ್ಸ್ ವ್ಯಾಪಾರಿ ಮುರಳಿಮೋಹನ್ ತನ್ನ ಅಂಗಡಿಯಲ್ಲಿ ಉಳಿದಿದ್ದ ಹೊಳೆಯುವ ಬಿಳಿ ಟೈಲ್ಸನ್ನು ದಾನವಾಗಿ ಇಳಿಸಿಹೋದ. ಬಾಗಿಲ ಪಕ್ಕ ಅವನ ಹೆಸರಿನ ಫಲಕವೂ ಬಂತು. ಅಡುಗೆಮನೆಯಲ್ಲಿ ದೇವರ ನೈವೇದ್ಯವೂ ಬೇಯುವುದರಿಂದ ಚಪ್ಪಲಿ ಹಾಕಿ ಒಳಗೆ ಬರುವಂತಿಲ್ಲವೆಂಬ ನಿಯಮ ಮಾತ್ರ ಹಾಗೆಯೇ ಉಳಿಯಿತು. ಬರಿಗಾಲು, ಗಂಜಿನೀರು, ಕನ್ನಡಿಯಂಥ ನೆಲ!

"ದಾನ ಕೊಟ್ಟಿದ್ದನ್ನ ಕಿತ್ತಾಕಿದ್ರೆ ಅವರ ಮುಖಕ್ಕೆ ಹೊಡ್ದಂಗಲ್ವಾ? ಬೇಕಿದ್ರೆ ರಬ್ಬರ್ ಮ್ಯಾಟು ಹಾಕಿಸ್ತೀನಿ, ಬಿಡು," ಎಂದರು ಕೋದಂಡರಾಮಪ್ಪ.

"ಮ್ಯಾಟ್ ಕೆಳಗೆ ಅನ್ನದಗುಳು ಸೇರಿ ಮೂರು ದಿನಕ್ಕೆ ನಾರುತ್ತೆ. ತೊಳೆಯೋರು ಯಾರು, ನೀವಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮುಖ ಕೆಂಪೇರಿತು. "ಲೇ, ಅಡುಗೆ ಬರೋರಿಗೆ ಯಾವ ನೆಲ ಆದ್ರೇನು? ನಮ್ಮ ಅವ್ವ ಸಗಣಿ ಸಾರಿಸಿದ ನೆಲದ ಮೇಲೆ ನೂರು ಜನಕ್ಕೆ ಮುದ್ದೆ ತಿರುವ್ತಿದ್ಲು."

ಕದಿರಮ್ಮ ಕಾಯುತ್ತಿದ್ದುದು ಈ ಮಾತಿಗಾಗಿಯೇ ಇರಬೇಕು.

"ಹಂಗಾದ್ರೆ ಬನ್ನಿ. ಅವ್ವನ ಮಗ ಒಂದ್ಸಲ ತಿರುವಿ ತೋರಿಸ್ಲಿ."

ಸಭೆಗೆ ಸಭೆಯೇ ಎದ್ದು ಅಡುಗೆಮನೆಯ ಬಾಗಿಲಿಗೆ ಮುತ್ತಿತು. ಹಿಂದೆ ಸರಿದರೆ ಮಾನ ಹೋಗುತ್ತದೆ. ಕೋದಂಡರಾಮಪ್ಪ ಚಪ್ಪಲಿ ಬಿಟ್ಟು, ಪಂಚೆ ಮೇಲೆತ್ತಿ ಕಟ್ಟಿದರು. ಕದಿರಮ್ಮ ದೊಡ್ಡ ಹಂಡೆಯನ್ನು ನೆಲಕ್ಕಿಳಿಸಿ ರಾಗಿಹಿಟ್ಟು ಸುರಿದಳು. ಬಿಸಿನೀರಲ್ಲ, ತಣ್ಣೀರನ್ನೇ ಹುಯ್ದಳು. ಅಡುಗೆಯ ದಿನ ಚೆಲ್ಲುವಷ್ಟೇ ಗಂಜಿಯನ್ನು ಸುತ್ತ ಚೆಲ್ಲಿದಳು. ಹಂಡೆಯ ಕಂಠಕ್ಕೆ ಕವೆಗೋಲು ಕೊಟ್ಟಳು. ದೊಡ್ಡ ಮುದ್ದೆ ತಿರುವುವವರು ಆ ಕವಲುಕೋಲನ್ನು ಪಾದದಿಂದ ಅದುಮಿ ಹಂಡೆಯನ್ನು ಹಿಡಿದಿಡುತ್ತಾರೆ. ಇಡೀ ಮೈಭಾರ ನಿಲ್ಲುವುದು ಇನ್ನೊಂದು ಪಾದದ ಮೇಲೆ.

"ಅದುಮಿ, ಅಣ್ಣ. ನೂರು ಜನ ಕಾಯ್ತಾವ್ರೆ."

ಕೋದಂಡರಾಮಪ್ಪ ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುವಿದರು. ಏನೂ ಆಗಲಿಲ್ಲ. ಎರಡನೆಯ ಸುತ್ತಿಗೆ ಅವರ ಮುಖದಲ್ಲಿ ಗೆಲುವಿನ ನಗೆ ಮೂಡಿತು. ತಳದಲ್ಲಿ ಕೂತ ಹಿಟ್ಟು ಕೋಲಿಗೆ ಅಡ್ಡ ಬಂತು. ಮೂರನೆಯ ಸುತ್ತಿಗೆ ಬಲ ಹಾಕಿದರು.

ಹಂಡೆ ಬಾಗಿಲ ಕಡೆಗೆ ಓಡಿತು. ಪಾದ ಗೋಡೆಯ ಕಡೆಗೆ ಹೋಯಿತು. ಅಧ್ಯಕ್ಷರ ತಲೆ ಒಲೆಕಟ್ಟೆಯ ಅಂಚಿಗೆ ಒಂದು ಗೇಣು ಇದೆ ಎನ್ನುವಾಗ ಕದಿರಮ್ಮನ ಎರಡೂ ಕೈ ಅವರ ಕಂಕುಳಿಗೆ ಬಿದ್ದವು. ತೆಳು ಹಿಟ್ಟು ಅವರ ತೊಡೆಯ ಮೇಲೆಲ್ಲ ಚೆಲ್ಲಿತು.

ಯಾರೂ ನಗಲಿಲ್ಲ.

"ಇದು ತಣ್ಣಗಿರೋ ಹಿಟ್ಟು," ಕದಿರಮ್ಮ ಅವರನ್ನು ಬಿಡದೆಯೇ ಹೇಳಿದಳು. "ಅವಳ ಮೇಲೆ ಬಿದ್ದಿದ್ದು ಕುದಿಯೋ ಸಾರು. ಇವಾಗ ಹೇಳಿ, ನಿಮ್ಮದು ಅಜಾಗರೂಕತೆನಾ?"

ಕೋದಂಡರಾಮಪ್ಪ ತೊಡೆಯ ಮೇಲಿನ ಹಿಟ್ಟನ್ನು ಅಂಗೈಯಿಂದ ಬಳಿದರು. "ಟೇಕಲ್ ಕಲ್ಲು ತರಿಸೋಣ," ಎಂದರು.

"ಕಲ್ಲು ಆಮೇಲೆ. ಆ ಕಾಗದ ಮೊದಲು ಹರೀರಿ. ಆಮೇಲೆ ಅವಳ ಮನೆಗೆ ಬಂದು, ತಪ್ಪು ನಿನ್ನದಲ್ಲಮ್ಮ ಅಂತ ನೀವೇ ಹೇಳಿ. ಅಲ್ಲೀವರೆಗೂ ಈ ಊರಲ್ಲಿ ನಾನು ಸೌಟು ಮುಟ್ಟಲ್ಲ."

ಕಲ್ಲಿಗಿಂತ ಭಾರವಾದದ್ದು ಇದೇ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೂ ಕಾಗದ ಎರಡು ತುಂಡಾಯಿತು. ಪಂಚೆಯ ಮೇಲೆ ಹಿಟ್ಟು ಒಣಗುತ್ತಿದ್ದಂತೆಯೇ ಅವರು ಕದಿರಮ್ಮನ ಹಿಂದೆ ನಡೆದರು.

ಮುನಿಲಕ್ಷ್ಮಿ ಜಗಲಿಯ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು, ನೆಲ ನೋಡಿದರು, ಮತ್ತೆ ಗಂಟಲು ಸರಿಮಾಡಿಕೊಂಡರು.

"ತಪ್ಪು ನಿಂದಲ್ಲಮ್ಮ. ನೆಲದ್ದು... ನೆಲ ಹಾಕಿಸಿದ ನಂದು. ಕಲ್ಲು ಹಾಕಿಸ್ತೀವಿ. ಕಾಲು ವಾಸಿ ಆದ್ಮೇಲೆ ನೀನು ಬರ್ಬೇಕು."

ಕಣ್ಣೀರೋ ಕೈಮುಗಿಯುವುದೋ ಏನಾದರೂ ಬರುತ್ತದೆಂದು ಅವರು ಕಾದರು. ಮುನಿಲಕ್ಷ್ಮಿ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಮುಗಿಸಿದಳು.

"ವಾಟ ಯಾವ ಕಡೆಗೆ ಕೊಡ್ತೀರಿ? ಈಗ ನೀರೆಲ್ಲ ಬಾಗಿಲಿಗೇ ಬಂದು ನಿಲ್ಲುತ್ತೆ. ಹಿತ್ತಲ ಮೋರಿ ಕಡೆ ಇಳಿಜಾರು ಮಾಡ್ಸಿ. ಚಪ್ಪಡಿ ಸಂದಿಗೆ ಸಿಮೆಂಟು ಒತ್ತಾಗಿ ತುಂಬ್ಸಿ, ಇಲ್ದಿದ್ರೆ ಜಿರಲೆ ಸೇರುತ್ತೆ. ಆಸಿಡ್ ಹಾಕಿ ತೊಳೀಬಾರ್ದು, ತೆಂಗಿನಕಡ್ಡಿ ಪೊರಕೆ, ಸೀಗೆಪುಡಿ ಸಾಕು. ಅದನ್ನೆಲ್ಲ ಮಾಡ್ಸಿ, ನಾನು ಒಂದ್ಸಲ ಬಂದು ನೀರು ಹುಯ್ದು ನೋಡ್ತೀನಿ." ಅವಳು ತಲೆಯೆತ್ತಿದಳು. "ಸರಿಯಾಗಿ ಹರಿದ್ರೆ ಬರ್ತೀನಿ."