ಮೂರನೇ ಗೋದಾಮಿನ ಕುರ್ಚಿ

"ಇನ್ನೊಂದು ಸುತ್ತ ಬಿಗೀರಿ. ಕುತ್ತಿಗಿ ವಾಲಾಕತ್ತದ," ಎಂದರು ಅಯ್ನೋರು.

ಇಬ್ಬರು ಸೇರಿ ಶಿವರಾಯನನ್ನು ಶವ ಕೂರಿಸಿ ಹೊರುವ ವಿಮಾನದ ಬಿದಿರಿಗೆ ಬಿಳಿ ಬಟ್ಟೆಯಿಂದ ಬಿಗಿದು ಕಟ್ಟಿದರು. ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ತಲೆಗೆ ಹೊಸ ರುಮಾಲು. ಆಳಂದದ ಬೇಳೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಗೋದಾಮು ಕಾದವನು ಬದುಕಿದ್ದಾಗಲೂ ಹೀಗೆಯೇ ಬೆನ್ನು ನೆಟ್ಟಗಿಟ್ಟು ಕೂರುತ್ತಿದ್ದ. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ ಎಂದು ಸುದ್ದಿ ಬಂದ ಕೂಡಲೇ ಸಾವ್ಕಾರ ಅಮರನಾಥ ಮಿಲ್ಲು ನಿಲ್ಲಿಸಿ, ಕಸ ಗುಡಿಸುವ ಮುದುಕಿ ಖಾಸೀಂಬಿಯೊಬ್ಬಳನ್ನು ಬಿಟ್ಟು ಇದ್ದಬದ್ದವರನ್ನೆಲ್ಲ ಅವನ ಊರು ನಿಂಬರ್ಗಾಕ್ಕೆ ಕರೆತಂದಿದ್ದ. ಆ ಸಣ್ಣ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಸುನಿತಾ ಹೆಂಗಸರ ನಡುವೆ ನಿಂತಿದ್ದಳು. ಕೈಯಲ್ಲಿದ್ದ ಮೊಬೈಲು ಅದುರಿತು. ಸೆರಗಿನ ಮರೆಯಲ್ಲಿ ನೋಡಿದಳು. ಮಿಲ್ಲಿನ ಸಿಸ್ಟಂ ತಾನಾಗಿಯೇ ಕಳಿಸಿದ ಸಂದೇಶ.

ಲಾಟ್ ೨೧೪. ಗೋದಾಮು ೩. ಕಸ ಗುಡಿಸುವುದು ಮೂರು ಗಂಟೆಗೆ, ಖಾಸೀಂಬಿ. ಲೋಡಿಂಗ್ ನಾಲ್ಕು ಗಂಟೆಗೆ.

ಅವಳು ಅದನ್ನು ಮತ್ತೊಮ್ಮೆ ಓದಿದಳು. ಮೂರನೇ ಗೋದಾಮಿನ ತೊಗರಿ ಚೀಲಗಳಿಗೆ ಸೋಮವಾರ ಗ್ಯಾಸ್ ಗುಳಿಗೆ ಇಟ್ಟಿತ್ತು. ಹುಳ ಸಾಯಲೆಂದು ಇಡುವ ಆ ಗುಳಿಗೆ ಹುಳವನ್ನಷ್ಟೇ ಕೊಲ್ಲುವುದಿಲ್ಲ. ಏಳು ದಿನ ಆ ಬಾಗಿಲು ತೆರೆಯಬಾರದು. ಇವತ್ತು ಗುರುವಾರ. ಈ ಸಂಗತಿ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು. ಅವರಲ್ಲಿ ಒಬ್ಬನನ್ನು ಈಗ ವಿಮಾನಕ್ಕೆ ಕಟ್ಟುತ್ತಿದ್ದರು.

ಆಗ ಅವಳಿಗೆ ಕೀಲಿಯ ನೆನಪಾಯಿತು. ಮೂರನೇ ಗೋದಾಮಿನ ಕೀಲಿಯನ್ನು ಶಿವರಾಯ ಸದಾ ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಅವನ ಧೋತರದ ಮಡಿಕೆಗಳನ್ನೇ ನೋಡುತ್ತ ಅವಳು ಉಸಿರು ಬಿಟ್ಟಳು. ಕೀಲಿ ಇಲ್ಲೇ ಇದ್ದರೆ ಅಲ್ಲಿ ಬಾಗಿಲು ಹೇಗೆ ತೆರೆದೀತು? ಯಾರಿಗೂ ಏನೂ ಹೇಳದೆ ಅವಳು ಮೆರವಣಿಗೆಯ ಹಿಂದೆ ನಡೆದಳು.

*

ಮಿಲ್ಲಿನ ಲೆಕ್ಕವನ್ನೆಲ್ಲ ನೋಡುವ ಆ ಕಂಪ್ಯೂಟರ್ ವ್ಯವಸ್ಥೆಗೆ ಇಆರ್‌ಪಿ ಎಂದು ಹೆಸರು. ಮಿಲ್ಲಿನಲ್ಲಿ ಮಾತ್ರ ಎಲ್ಲರೂ ಸಿಸ್ಟಂ ಎಂದೇ ಕರೆದರು. ಎರಡು ವರ್ಷದ ಹಿಂದೆ ಅಮರನಾಥ ಅದನ್ನು ತಂದಾಗ ಹಮಾಲರು ನಕ್ಕಿದ್ದರು. ನಕ್ಕವರು ಬೇಗ ಸುಮ್ಮನಾದರು. ತೊಗರಿ ಕೊಂಡದ್ದು, ಒಣಗಿಸಿದ್ದು, ಬೇಳೆಯಾದದ್ದು, ಲಾರಿ ಹತ್ತಿದ್ದು ಎಲ್ಲವೂ ಒಂದೇ ಕಡೆ ಕಾಣುತ್ತಿತ್ತು. ಮೊದಲು ಎರಡೆರಡು ದಿನ ಗೇಟಿನಲ್ಲಿ ಬಿದ್ದಿರುತ್ತಿದ್ದ ಲಾರಿ ನಾಲ್ಕು ತಾಸಿನಲ್ಲಿ ತುಂಬಿ ಹೋಗತೊಡಗಿತು. ಹೈದರಾಬಾದಿನ ದೊಡ್ಡ ಕಂಪನಿಯೊಂದು ತನ್ನ ಸಿಸ್ಟಮ್ಮನ್ನು ಇವರದಕ್ಕೆ ಜೋಡಿಸಿಕೊಂಡು, ಲಾರಿ ಬರುವ ಗಳಿಗೆಯನ್ನೂ ತಾನೇ ಗೊತ್ತುಮಾಡತೊಡಗಿತು. ಆಫೀಸಿನ ಗೋಡೆಗೆ ದೊಡ್ಡ ಟಿವಿ ಬಂತು. ತಯಾರಿದ್ದ ಗೋದಾಮು ಹಸಿರು, ತಡೆ ಹಿಡಿದದ್ದು ಕೆಂಪು. ಅಮರನಾಥ ಬೆಳಿಗ್ಗೆ ದೇವರಿಗೆ ಕೈಮುಗಿಯುವ ಮೊದಲು ಆ ಟಿವಿ ನೋಡುತ್ತಿದ್ದ.

"ನೋಡವಾ ಸುನಿತಾ, ಒಂದಽ ಒಂದು ಕೆಂಪು ಇಲ್ಲ. ನೀ ಬಂದ ಮ್ಯಾಲ ಮಿಲ್ಲಿನ ನಸೀಬ ತೆರೀತು," ಎನ್ನುತ್ತಿದ್ದ.

ಸುನಿತಾ ಹಿಗ್ಗುತ್ತಿದ್ದಳು. ಆದರೆ ಆ ಹಸಿರಿನ ಹಿಂದೆ ಯಾರಿದ್ದಾರೆಂದು ಅವಳಿಗೆ ಗೊತ್ತಿತ್ತು. ಯಾವ ರಾಶಿಗೆ ತಂಪು ಹಿಡಿದಿದೆ, ಯಾವುದಕ್ಕೆ ಹುಳ ಬಿದ್ದಿದೆ ಎಂಬುದನ್ನು ಶಿವರಾಯ ಚೀಲದೊಳಗೆ ಕೈ ಹಾಕಿಯೇ ಹೇಳುತ್ತಿದ್ದ. ಗುಳಿಗೆ ಇಟ್ಟ ಗೋದಾಮಿನ ಬಾಗಿಲಿಗೆ ತನ್ನ ಕಬ್ಬಿಣದ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಸಿಸ್ಟಂ ಆ ಗೋದಾಮನ್ನೇ ಕೇಳಿದರೆ, "ಅದು ಬ್ಯಾಡ, ಐದನೇದ್ದು ತುಂಬ್ರಿ" ಎಂದು ಲಾರಿಯನ್ನು ಬೇರೆ ಕಡೆ ತಿರುಗಿಸುತ್ತಿದ್ದ. ಸುನಿತಾ ಆಮೇಲೆ ಲಾಟಿನ ನಂಬರು ಬದಲಿಸುತ್ತಿದ್ದಳು. ಮುದುಕನಿಗೆ ಕೂರುವ ಚಟ ಎಂದು ಹಮಾಲರು ಆಡಿಕೊಂಡರೆ, ಅವನೂ ಅವರ ಜೊತೆ ಸೇರಿ ನಗುತ್ತಿದ್ದ.

*

ಹೊಲದ ಬದುವಿನಲ್ಲಿ ಗುಂಡಿ ತೋಡಿತ್ತು. ಒಳಗೆ ಗೂಡು ಮಾಡಿ, ವಿಭೂತಿ ಗಟ್ಟಿ ಪೇರಿಸಿ, ಪತ್ರಿ ಹಾಸಿದ್ದರು. ಶಿವರಾಯನನ್ನು ಇಳಿಸಿ ಕೂರಿಸಿದರು. ಅವನ ಹೆಂಡತಿ ಗುರುಬಾಯಿ ಅತ್ತು ಅತ್ತು ದನಿ ಹೋಗಿ, ಸುನಿತಾಳ ತೋಳು ಹಿಡಿದು ನಿಂತಿದ್ದಳು.

ಸುನಿತಾ ಕಣ್ಣು ಕೀಳದೆ ಗುಂಡಿಯೊಳಗೆ ನೋಡುತ್ತಿದ್ದಳು. ಮಣ್ಣು ಮುಚ್ಚಿದರೆ ಕೀಲಿಯೂ ಮುಚ್ಚಿಹೋಗುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಆದರೂ ಕೇಳದಿರಲು ಆಗಲಿಲ್ಲ.

"ಚಿಗವ್ವ, ಕಾಕಾನ ಉಡದಾರದಾಗ ಕೀಲಿ ಇತ್ತಲ್ಲ?"

"ಮೈ ತೊಳೆಯೂ ಮುಂದ ಬಿಚ್ಚಿದೆನವ್ವಾ," ಎಂದಳು ಗುರುಬಾಯಿ. "ಮಿಲ್ಲಿಂದು ಮಿಲ್ಲಿಗೆ ಹೋಗಬೇಕಲ್ಲ. ಸಾವ್ಕಾರರ ಡ್ರೈವರನ ಕೈಯಾಗ ಕೊಟ್ಟೇನಿ. ಹೊತ್ತಾರೆ ಒಯ್ದು ಖಾಸೀಂಬಿಗೆ ಕೊಟ್ಟಾನಂತ."

ಸುನಿತಾ ಗುರುಬಾಯಿಯ ಕೈ ಬಿಡಿಸಿಕೊಂಡಳು. ಮೊಬೈಲು ನೋಡಿದಳು. ಎರಡೂವರೆಗೆ ಐದು ನಿಮಿಷ ಇತ್ತು. ಲೋಡಿಂಗಿಗೆ ಬರಬೇಕಿದ್ದ ಲಾರಿಯ ಚಾಲಕನ ನಂಬರಿಗೆ ಫೋನು ಹಚ್ಚಿದಳು. ಸುಮ್ಮನೆ ಬಡಿದುಕೊಂಡು ನಿಂತಿತು. ಮತ್ತೆ ಹಚ್ಚಿದಳು. ಮಿಲ್ಲಿನಲ್ಲಿ ಇನ್ನಾರೂ ಇರಲಿಲ್ಲ. ಗೇಟಿನ ಕಾವಲುಗಾರ ಅಲ್ಲೇ ನಾಲ್ಕು ಹೆಜ್ಜೆ ಆಚೆ ಕಣ್ಣೊರೆಸಿಕೊಳ್ಳುತ್ತಿದ್ದ. ಖಾಸೀಂಬಿಗೆ ಮೊಬೈಲೂ ಇಲ್ಲ, ಓದೂ ಬರುವುದಿಲ್ಲ. ಲಾರಿಯವನು ತನಗೆ ಬಂದ ಸಂದೇಶ ಓದಿ ಹೇಳಿದರೆ ಮೂರು ಗಂಟೆಗೆ ಕಸಬರಿಗೆ ಹಿಡಿದು ಒಳಗೆ ಹೋಗುತ್ತಾಳೆ. ಸೆಕೆ ಎಂದು ಚೀಲಗಳಿಗೆ ಹೊದಿಸಿದ ತಾಡಪತ್ರಿ ಸರಿಸುತ್ತಾಳೆ.

*

ಸೋಮವಾರ ಶಿವರಾಯ ಕೈ ತೊಳೆದುಕೊಂಡು ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟೇ ಬರುವುದು ಅವನ ರೂಢಿ.

"ಮೂರನೇದ್ದಕ್ಕ ಗುಳಿಗಿ ಇಟ್ಟೇನವ್ವಾ. ಕೆಂಪು ಮಾಡಿಬಿಡು."

"ಕಾಕಾ, ಈ ವಾರ ಹೈದರಾಬಾದಿನವರು ನಮ್ಮ ನಂಬರ ನೋಡಾಕತ್ತಾರ. ಕೆಂಪು ಬಂದ್ರ ನನ್ನ ಹೆಸರಿನ ಮುಂದ ಬರ್ತದ. ಮುಂದಿನ ಸೋಮವಾರ ಹಿಂದಿನ ತಾರೀಖು ಹಾಕಿ ಸರಿ ಮಾಡ್ತೇನಿ."

ಅವನು ಒಂದು ಗಳಿಗೆ ಟಿವಿಯ ಹಸಿರನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಆಗಲಿ. ಅಲ್ಲೀತನಕ ನಾನಽ ಕುಂದರ್ತೇನಿ. ನಾ ಇದ್ದಾಗ ನಿಂಗ್ಯಾಕ ಅಂಜಿಕಿ?" ಎಂದು ಹೋದ.

*

"ಒಬ್ಬೊಬ್ಬರಾಗಿ ಬರ್ರಿ, ಒಂದೊಂದು ಹಿಡಿ ಹಾಕ್ರಿ," ಎಂದರು ಅಯ್ನೋರು.

ಅಮರನಾಥ ಮೊದಲು ಬಗ್ಗಿದ. ಅವನ ಹಿಂದೆ ಸುನಿತಾ ಮಣ್ಣು ತೆಗೆದುಕೊಂಡಳು. ಹಾಕದೆ ಮುಷ್ಟಿಯಲ್ಲೇ ಹಿಡಿದು ನಿಂತಳು. ಹೇಳಿದರೆ ಕೆಲಸ ಹೋಗುತ್ತದೆ. ಊರೆಲ್ಲ ಹೆಸರು ಕೆಡುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಮನಸ್ಸಿಗೆ ತರಲೂ ಅವಳಿಗೆ ಧೈರ್ಯವಾಗಲಿಲ್ಲ. ಅಂಥ ಭಯ ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಸಾವ್ಕಾರ್ರ," ಎಂದಳು. "ಮೂರನೇ ಗೋದಾಮಿನಾಗ ಗ್ಯಾಸ್ ಅದರಿ."

ಅಮರನಾಥ ತಿರುಗಿದ. "ಹಸಿರು ಇತ್ತಲ್ಲ? ಮುಂಜಾನೆ ನಾನಽ ನೋಡೇನಿ."

"ಕಾಕಾ ಕೆಂಪು ಮಾಡು ಅಂದಿದ್ರು. ನಾ ಮಾಡಲಿಲ್ಲರಿ. ಖಾಸೀಂಬಿ ಮೂರಕ್ಕ ಬಾಗಿಲ ತೆಗೀತಾಳ."

ಅಮರನಾಥನ ಮುಷ್ಟಿಯ ಮಣ್ಣು ಅವನಿಗೆ ತಿಳಿಯದೆಯೇ ಚಪ್ಪಲಿಯ ಮೇಲೆ ಸುರಿಯಿತು. ಅವನು ಗುಂಡಿಯನ್ನೂ ಅವಳನ್ನೂ ನೋಡಿದ. ಶವದ ಮುಂದಿನಿಂದ ನಡುವೆ ಎದ್ದು ಹೋಗುವುದು ಹೇಗೆ ಎಂದು ಅವನು ತಡಬಡಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

ಗುರುಬಾಯಿಯ ಹೋದ ದನಿ ಎಲ್ಲಿಂದಲೋ ಮರಳಿ ಬಂತು. "ನಿಂತೀರಿ ಯಾಕ? ಆ ಕೀಲಿ ನನ್ನ ಕೈಯಿಂದ ಹೋಗ್ಯಾದ. ಮಣ್ಣು ಹಾಕಾಕ ಮಂದಿ ಇದ್ದಾರ. ಜಲ್ದಿ ನಡೀರಿ."

ಕಾರಿನಲ್ಲಿ ಅಮರನಾಥ ತಾನೇ ಕೂತು ಓಡಿಸಿದ. ಆಳಂದ ಮುಟ್ಟಲು ಅರ್ಧ ತಾಸು ಬೇಕು. ತನ್ನ ಮೊಬೈಲನ್ನು ಸುನಿತಾಳ ತೊಡೆಯ ಮೇಲೆ ಎಸೆದ.

"ಈಗರೆ ಕೆಂಪು ಮಾಡು."

ಅವಳ ಎಡಮುಷ್ಟಿಯಲ್ಲಿ ಮಣ್ಣು ಇನ್ನೂ ಹಾಗೆಯೇ ಇತ್ತು. ಬಲಗೈಯಿಂದ ಒತ್ತಿದಳು. ಮೂರನೇ ಗೋದಾಮು ಕೆಂಪಾಯಿತು. ಹೈದರಾಬಾದಿನಲ್ಲಿ ಕೂತವರಿಗೆಲ್ಲ ಆ ಕ್ಷಣವೇ ಅದು ಕಂಡಿತು. ಬಾಗಿಲ ಮುಂದೆ ಕಸಬರಿಗೆ ಹಿಡಿದು ನಿಂತವಳಿಗೆ ಮಾತ್ರ ಕಾಣುವಂತಿರಲಿಲ್ಲ.

"ಎಷ್ಟು ಸಲ ಹಿಂಗ ಮಾಡೀರಿ?" ಎಂದ ಅಮರನಾಥ.

"ಎರಡು ವರ್ಷರಿ. ಪ್ರತಿ ಸಲ."

ರಸ್ತೆಗೆ ಅಡ್ಡ ಬಂದ ತೊಗರಿ ಕಟ್ಟಿಗೆಯ ಬಂಡಿಗೆ ಹಾರ್ನು ಹೊಡೆದೂ ಹೊಡೆದೂ ಅವನ ಅಂಗೈ ಕೆಂಪಾಗಿತ್ತು. ಮೂರು ಗಂಟೆ ದಾರಿಯಲ್ಲೇ ದಾಟಿಹೋಯಿತು. ಸುನಿತಾ ಗಡಿಯಾರ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಯಾವ ದೇವರನ್ನು ಕರೆಯಬೇಕೆಂದು ತೋಚದೆ ಖಾಸೀಂಬಿಯ ಹೆಸರನ್ನೇ ಹೇಳುತ್ತ ಕೂತಳು.

ಗೇಟು ತೆರೆದಿತ್ತು. ಲಾರಿ ಮೂರನೇ ಗೋದಾಮಿಗೆ ಬೆನ್ನು ಮಾಡಿ ನಿಂತಿತ್ತು. ಸುನಿತಾ ಕಾರು ನಿಲ್ಲುವ ಮೊದಲೇ ಇಳಿದು ಓಡಿದಳು. ಲಾರಿ ಬಳಸಿ ಬಂದವಳು ನಿಂತಲ್ಲೇ ನಿಂತಳು. ಕಬ್ಬಿಣದ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಬೆನ್ನು ನೆಟ್ಟಗಿತ್ತು. ತಲೆಯ ಮೇಲೆ ಶಿವರಾಯ ಹೆಗಲಿಗೆ ಹಾಕುತ್ತಿದ್ದ ಹಳೆಯ ಕೆಂಪಂಚಿನ ವಲ್ಲಿ ಇತ್ತು.

ವಲ್ಲಿ ಸರಿಯಿತು. ಖಾಸೀಂಬಿಯ ಮುಖ ಕಂಡಿತು. ತೊಡೆಯ ಮೇಲೆ ಕಸಬರಿಗೆ, ಮುಚ್ಚಿದ ಮುಷ್ಟಿಯಲ್ಲಿ ಕೀಲಿ. ಅವಳ ಬೆನ್ನ ಹಿಂದೆ ಬೀಗ ಬಿದ್ದೇ ಇತ್ತು.

"ನೋಡ್ರಿ ಸಾವ್ಕಾರ್ರ," ಎಂದು ಲಾರಿಯವನು ಕೂಗಿದ. "ಅರ್ಧ ತಾಸಾತು, ಈ ಮುದುಕಿ ಕೀಲಿನೂ ಕೊಡವಲ್ಲಳು, ಏಳವಲ್ಲಳು. ಕೈ ಮಾಡಬೇಕೇನು ಹೆಣ್ಮಗಳ ಮ್ಯಾಲ?"

ಖಾಸೀಂಬಿ ಅವನತ್ತ ನೋಡಲಿಲ್ಲ. "ಅಣ್ಣಾರು ಬಾಗಿಲಕ ಕುರ್ಚಿ ಹಾಕಿದ್ರ ಆ ಬಾಗಿಲ ತೆಗೀಬಾರದು ಬೇಟಿ. ನಿನ್ನಿ ಸಂಜಿಕ ಹಾಕಿ ಹೋಗ್ಯಾರ. ಲಾರಿಯವರು ನನಗ ಗುಡಸು ಅಂದ್ರು, ಖರೆ. ಆದ್ರ ಕುರ್ಚಿ ತಗೀರಿ ಅಂತ ಯಾರೂ ಹೇಳಿಲ್ಲ. ಇವರು ಎತ್ತಿ ಒಗೀಯಾಕ ಬಂದ್ರು. ಅದಕ್ಕ ಕುಂತೇನಿ."

"ಒಳಗ ಏನದ ಅಂತ ಗೊತ್ತಿತ್ತೇನು ಖಾಲಾ?"

"ಗೊತ್ತಿಲ್ಲ. ಅವರಿಗೆ ಗೊತ್ತಿತ್ತಲ್ಲ."

ಸುನಿತಾ ಕುರ್ಚಿಯ ಬುಡದಲ್ಲಿ ಕುಸಿದು ಕೂತು ಅತ್ತಳು. ಮುಂಜಾನೆಯಿಂದ ಶಿವರಾಯನಿಗಾಗಿ ಅವಳಿಗೆ ಅಳು ಬಂದಿರಲಿಲ್ಲ. ಮುಷ್ಟಿ ಸಡಿಲಾಗಿ ನಿಂಬರ್ಗಾದ ಮಣ್ಣು ಆ ಕುರ್ಚಿಯ ಕಾಲ ಬಳಿ ಬಿತ್ತು.

ಅಮರನಾಥನ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು. ಹೈದರಾಬಾದಿನವರು. ಅವನು ತೆಗೆದು, "ಇವತ್ತು ಮಾಲು ಇಲ್ಲರಿ. ನಮ್ಮ ಮನುಷ್ಯಾ ಹೋಗ್ಯಾನ," ಎಂದಷ್ಟೇ ಹೇಳಿ ಇಟ್ಟ. ಲಾರಿ ಖಾಲಿಯಾಗಿಯೇ ಗೇಟು ದಾಟಿತು. ಅವನು ಅದು ಹೋದ ದಾರಿಯನ್ನು ಬಹಳ ಹೊತ್ತು ನೋಡಿದ.

"ಇನ್ನಾ ಎಷ್ಟು ದಿನ?" ಎಂದು ಕೇಳಿದ, ಯಾರ ಮುಖವನ್ನೂ ನೋಡದೆ.

"ನಾಲ್ಕು," ಎಂದಳು ಸುನಿತಾ.

ಖಾಸೀಂಬಿ ಮಂಡಿ ಹಿಡಿದು ಎದ್ದಳು. "ನಾ ಮಣ್ಣಿಗಿ ಹೋಗಬೇಕು. ಅಣ್ಣಾರ ಮಾರಿನೂ ನೋಡಿಲ್ಲ." ಎದ್ದವಳು ಕುರ್ಚಿ ಬಿಟ್ಟು ಕದಲಲಿಲ್ಲ. "ಇಲ್ಲಿ ಯಾರು ಕುಂದರ್ತೀರಿ?"

ಸುನಿತಾ ಕಣ್ಣೊರೆಸಿಕೊಂಡು ಆಫೀಸಿಗೆ ಹೋದಳು. ಗೋಡೆಯ ಮೇಲಿನ ಟಿವಿಯಲ್ಲಿ ಎಲ್ಲ ಹಸಿರಿನ ನಡುವೆ ಒಂದೇ ಒಂದು ಕೆಂಪು ಉರಿಯುತ್ತಿತ್ತು. ಅವಳು ಅದನ್ನು ದಾಟಿ ಕಂಪ್ಯೂಟರ್ ಕೋಣೆಗೆ ನಡೆದಳು.

ಹೊರಬಂದಾಗ ಅವಳು ಕಂಪ್ಯೂಟರಿನ ಮುಂದೆ ತಾನು ಕೂರುವ ಗಾಲಿಯ ಕುರ್ಚಿಯನ್ನು ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದಳು. ನುಣ್ಣನೆಯ ನೆಲದ ಮೇಲೆ ಉರುಳಿ ರೂಢಿಯಾದ ಸಣ್ಣ ಗಾಲಿಗಳು ಅಂಗಳದ ತೊಗರಿ ಹೊಟ್ಟಿನಲ್ಲಿ ಹೂತುಕೊಳ್ಳುತ್ತಿದ್ದವು. ಅವಳು ನಿಂತು, ಗಾಲಿಗೆ ಸುತ್ತಿದ ಹೊಟ್ಟು ಬಿಡಿಸಿ, ಮತ್ತೆ ಮೂರನೇ ಬಾಗಿಲಿನ ಕಡೆಗೆ ಎಳೆದಳು.